ಬಕೆಟ್‌ಗೆ ಗಮ್ ಯಾಕೆ ಹಿಡಿಯುವುದಿಲ್ಲ?

ಪ್ರಶ್ನೆ: ಸರ್, ನೀವು ಬಡಗಿ ಕೆಲಸದವರು, ಅಂಟಿನ ವಿಷಯ ಗೊತ್ತಿರುತ್ತದೆ ಅಂತ ಕೇಳುತ್ತಿದ್ದೇನೆ. ಸ್ನಾನದ ಬಕೆಟ್‌ನ ಅಡಿ ಸೀಳಿದೆ. ಐದು ರೂಪಾಯಿಯ ಕ್ವಿಕ್ ಗಮ್ ಮೂರು ಸಲ ಹಾಕಿದೆ. ಉಗುರು ತಾಗಿದರೆ ಸಿಪ್ಪೆಯ ಹಾಗೆ ಏಳುತ್ತದೆ. ನನ್ನ ಎರಡು ಬೆರಳು ಮಾತ್ರ ಚೆನ್ನಾಗಿ ಅಂಟಿಕೊಂಡವು! ಅರಾಲ್ಡೈಟ್ ಹಾಕಲಾ?

ಉತ್ತರ: ಬೇಡ, ದುಡ್ಡು ದಂಡ. ಬಕೆಟ್ ಬೋರಲು ಹಾಕಿ ನೋಡಿ. ತ್ರಿಕೋನದೊಳಗೆ 2 ಅಥವಾ 5 ಅಂತ ಇರಬಹುದು. 2 ಅಂದರೆ ಪಾಲಿಥೀನ್, 5 ಅಂದರೆ ಪಾಲಿಪ್ರೊಪಿಲೀನ್. ಎರಡರ ಮೈಯೂ ಮೇಣದಂತೆ. ಕೆಸುವಿನ ಎಲೆ ಮೇಲೆ ನೀರು ಉರುಳುತ್ತದಲ್ಲ, ಅದೇ ಕತೆ. ಗಮ್ ಹರಡಿಕೊಂಡು ಮೈಗೆ ಮೈ ತಾಗಿದರೆ ಮಾತ್ರ ಹಿಡಿತ. ಕ್ವಿಕ್ ಗಮ್ ತುಂಬಿ ಮಾರುವ ಬಾಟಲಿಯೂ ಸಾಮಾನ್ಯವಾಗಿ ಪಾಲಿಥೀನಿನದೇ!

ಬೆರಳಿನದು ಬೇರೆ. ಈ ಗಮ್ ಒಣಗಿ ಗಟ್ಟಿಯಾಗುವುದಲ್ಲ, ತೇವ ಸಿಕ್ಕಿದರೆ ಗಟ್ಟಿಯಾಗುವುದು. ಚರ್ಮದಲ್ಲಿ ಬೆವರು ಇದ್ದೇ ಇದೆ. ಇನ್ನೊಮ್ಮೆ ಹೀಗಾದರೆ ಎಳೆಯಬೇಡಿ. ಬೆಚ್ಚಗಿನ ಸೋಪು ನೀರಲ್ಲಿ ನೆನೆಸಿ ಮೆಲ್ಲಗೆ ಬಿಡಿಸಿ.

ಬಕೆಟ್‌ಗೆ ಬೆಸುಗೆಯೇ ದಾರಿ. ಅದೇ ನಂಬರಿನ ಹಳೆ ಪ್ಲಾಸ್ಟಿಕ್ ಚೂರು ಸೀಳಿನ ಮೇಲಿಟ್ಟು ಕಾದ ಸಾಲ್ಡರಿಂಗ್ ಕಡ್ಡಿಯಿಂದ ಕರಗಿಸಿ ಸೇರಿಸಿ. ಬಯಲಲ್ಲಿ ಮಾಡಿ, ಹೊಗೆ ಕುಡಿಯಬೇಡಿ.

ಇನ್ನೊಬ್ಬರು: ಪಿವಿಸಿ ಪೈಪಿಗೆ ಹಚ್ಚುವ ಸಲ್ಯೂಷನ್ ಮನೆಯಲ್ಲಿದೆ. ಅದು ಆಗಲ್ವಾ?

ಉತ್ತರ: ಆಗುವುದಿಲ್ಲ. ಅದು ಪಿವಿಸಿಯ ಮೈಯನ್ನೇ ಕರಗಿಸುತ್ತದೆ. ದ್ರಾವಣ ಆರಿದ ಮೇಲೆ ಎರಡು ಪೈಪು ಒಂದೇ ತುಂಡು. ಬಕೆಟ್ ಅದರಲ್ಲಿ ಕರಗುವುದೇ ಇಲ್ಲ.

ಪ್ರಶ್ನೆ: ಅಣ್ಣಾ, ಅಜ್ಜನ ಕಾಲದ ತೇಗದ ಕುರ್ಚಿ. ಕಾಲು ಅಲ್ಲಾಡುತ್ತಿದೆ. ಎರಡು ಸಲ ಫೆವಿಕಾಲ್ ಸುರಿದೆ, ತಿಂಗಳಲ್ಲಿ ಮತ್ತೆ ಸಡಿಲ.

ಉತ್ತರ: ಸುರಿದಿದ್ದೇ ತಪ್ಪು ತಮ್ಮಾ. ಬಿಳಿ ಗಮ್‌ನಲ್ಲಿ ಅರ್ಧದಷ್ಟು ನೀರೇ. ಮರ ಆ ನೀರನ್ನು ಹೀರುವಾಗ ಗಮ್ ಮರದ ಸಣ್ಣ ರಂಧ್ರಗಳಿಗೆ ಇಳಿದು ಬೇರು ಬಿಡುತ್ತದೆ. ನಿಮ್ಮ ಸಂದಿನಲ್ಲಿ ಹಳೆ ಗಮ್ ಪದರವಿದೆ, ಹೊಸದು ಮರ ಮುಟ್ಟುವುದೇ ಇಲ್ಲ. ಕಾಲು ಪೂರ್ತಿ ಬಿಚ್ಚಿ. ಹಳೆಯದನ್ನು ಉಳಿಯಿಂದ ಕೆರೆದು ಬರೀ ಮರ ಕಾಣುವಂತೆ ಮಾಡಿ. ಸಂದು ಜಾಸ್ತಿ ಇದ್ದರೆ ಗಮ್ ತುಂಬಿಸಬೇಡಿ, ತೆಳು ಮರದ ಚಕ್ಕೆ ಕೊಡಿ. ತೇಗದಲ್ಲಿ ಎಣ್ಣೆ ಅಂಶ ಇರುತ್ತದೆ, ಹಚ್ಚುವ ಮುಂಚೆ ತಿನ್ನರ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಹಚ್ಚಿ, ಕೂರಿಸಿ, ಹಗ್ಗದಿಂದ ಬಿಗಿದು ಒಂದು ದಿನ ಬಿಡಿ. ಯಾರನ್ನೂ ಕೂರಲು ಬಿಡಬೇಡಿ, ಅತಿಥಿ ಬಂದರೂ ಸರಿ.

ಪ್ರಶ್ನೆ: ಚಪ್ಪಲಿ ಅಟ್ಟೆಗೆ ಯಾವುದು?

ಉತ್ತರ: ಚಮ್ಮಾರರು ಬಳಸುವ ರಬ್ಬರ್ ಸಲ್ಯೂಷನ್. ಎರಡೂ ಕಡೆ ತೆಳುವಾಗಿ ಹಚ್ಚಿ ಹತ್ತು ನಿಮಿಷ ಸುಮ್ನೆ ಇಡಿ. ಬೆರಳಿಗೆ ಹತ್ತದಂತಾದ ಮೇಲೆ ಜೋಡಿಸಿ ಜೋರಾಗಿ ಒತ್ತಿ. ಆಮೇಲೆ ಸರಿಸೋಣ ಅಂದರೆ ಆಗದು, ಇಟ್ಟಲ್ಲೇ ಕಚ್ಚಿಕೊಳ್ಳುತ್ತದೆ.