12 ಎಂಎಲ್ ಹಾಲು ಸಾಕಾ ಸಿಸ್ಟರ್? ತಿಂಗಳು ತುಂಬದ ಮಗುವಿನ ಹಾಲಿನ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಸೋಮವಾರಪೇಟೆ ಕಡೆಯ ತಾಯಿ):

ಸಿಸ್ಟರ್, ಬಿಪಿ ಏರಿದ್ದರಿಂದ ನನಗೆ 31 ವಾರ 2 ದಿನಕ್ಕೇ ಸಿಸೇರಿಯನ್ ಮಾಡಿದರು. ಹೆಣ್ಣು ಮಗು, 1 ಕೆಜಿ 380 ಗ್ರಾಂ. ಇವತ್ತು ಆರನೇ ದಿನ. ಹೆರಿಗೆ ಆದ ಕಡೆ ಮೊದಲ ಮೂರು ದಿನ ಹಾಲಿನ ಮಾತೇ ಎತ್ತಲಿಲ್ಲ. ನಾನೇ ಕೇಳಿದ್ದಕ್ಕೆ "ಮಗುವಿಗೆ ಚೀಪೋಕೇ ಬರಲ್ಲ, ಹಿಂಡಿ ಏನ್ಮಾಡ್ತೀರ" ಅಂದರು. ಆಮೇಲೆ ಮಗುವನ್ನು ಮಡಿಕೇರಿಗೆ ಕಳಿಸಿದರು. ಇಲ್ಲಿ ಬಾಯಿಂದ ಟ್ಯೂಬ್ ಹಾಕಿ 2 ಗಂಟೆಗೊಮ್ಮೆ 4 ಎಂಎಲ್ ಹಾಲು ಕೊಡುತ್ತಿದ್ದಾರೆ, ಉಳಿದದ್ದು ಡ್ರಿಪ್. ನಾನು ದಿನಕ್ಕೆ 4 ಸಲ ಹಾಲು ತೆಗೆಯುತ್ತೇನೆ. ಒಂದು ಸಲಕ್ಕೆ 12 ಎಂಎಲ್ ಬಂದರೆ ಹೆಚ್ಚು. ಲೋಟದ ತಳವೂ ಮುಚ್ಚುವುದಿಲ್ಲ. ಚಿಕ್ಕಮ್ಮ "ನಿನಗೆ ಹಾಲೇ ಇಲ್ಲ, ಡಬ್ಬಿ ಹಾಲು ತರಿಸು" ಅಂತಿದ್ದಾರೆ. ತೂಕ ಬೇರೆ 1 ಕೆಜಿ 290ಕ್ಕೆ ಇಳಿದಿದೆ. ಏನು ಮಾಡಲಿ?

ಉತ್ತರ (ನವಜಾತ ಶಿಶು ವಿಭಾಗದ ಸ್ಟಾಫ್ ನರ್ಸ್):

ಮೊದಲು ಲೆಕ್ಕ ಹಾಕೋಣಮ್ಮ. 2 ಗಂಟೆಗೊಮ್ಮೆ 4 ಎಂಎಲ್ ಅಂದರೆ ದಿನಕ್ಕೆ 12 ಸಲ, ಒಟ್ಟು 48 ಎಂಎಲ್. ನೀವು 4 ಸಲ ತೆಗೆದಿದ್ದು 12ರ ಲೆಕ್ಕದಲ್ಲಿ 48. ಅಲ್ಲಿಗೆ ಇವತ್ತು ನಿಮ್ಮ ಮಗು ಕುಡಿಯುವ ಹಾಲಷ್ಟೂ ನಿಮ್ಮದೇ. ಹಾಲಿಲ್ಲ ಅಂತ ಯಾರು ಹೇಳಿದ್ದು? ಲೋಟದಲ್ಲಿ ನೋಡಬೇಡಿ, ಸಿರಿಂಜಿನಲ್ಲಿ ನೋಡಿ.

ಆದರೆ ಈ ಲೆಕ್ಕ ಇವತ್ತಿಗೆ ಮಾತ್ರ. ಮಗು ಅರಗಿಸಿಕೊಂಡ ಹಾಗೆ ಡಾಕ್ಟರ್ ಹಾಲು ಏರಿಸುತ್ತಾರೆ, ಡ್ರಿಪ್ ಇಳಿಸುತ್ತಾರೆ. ಪೂರ್ತಿ ಹಾಲಿಗೆ ಬಂದಾಗ ಕೆಜಿಗೆ ದಿನಕ್ಕೆ 150 ಎಂಎಲ್, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ನಿಮ್ಮ ಮಗುವಿಗೆ ಸುಮಾರು 200 ಎಂಎಲ್. ಅದಕ್ಕೆ 4 ಸಲ ಸಾಲದು. ದಿನಕ್ಕೆ 8 ಸಲವಾದರೂ ತೆಗೆಯಬೇಕು, ಅದರಲ್ಲಿ ಒಂದು ಸಲ ರಾತ್ರಿ. ಹಾಲು ಮಾಡಿಸುವ ಹಾರ್ಮೋನು ರಾತ್ರಿಯೇ ಜಾಸ್ತಿ ಇರುತ್ತದೆ. ಎದೆ ಖಾಲಿಯಾದಷ್ಟು ಸಲ ಹಾಲು ಕಟ್ಟುತ್ತದೆ, ತುಂಬಿ ನಿಂತರೆ ಬತ್ತುತ್ತದೆ. ಎರಡು ವಾರ ಆಗುವ ಹೊತ್ತಿಗೆ ದಿನಕ್ಕೆ 500 ಎಂಎಲ್ ಬರಬೇಕು ಅನ್ನುವುದು ನಮ್ಮ ಗುರಿ. ಮಗುವಿಗೆ ಈಗ ಅಷ್ಟು ಬೇಡ, ಮುಂದಿನ ತಿಂಗಳಿಗೆ ಬೇಕು.

ಆ ಮೂರು ದಿನದ ವಿಷಯ ಓದಿ ನನಗೂ ಸಿಟ್ಟು ಬಂತು. ಚೀಪಲು ಬಾರದ ಮಗುವಿನ ತಾಯಿಯೇ ಮೊದಲು ಹಿಂಡಬೇಕು, ಹೆರಿಗೆಯಾದ ಒಂದೆರಡು ಗಂಟೆಯಲ್ಲೇ. ಹಳದಿ ಬಣ್ಣದ ಆ ಗಿಣ್ಣು ಹಾಲು ನಾಲ್ಕು ಹನಿ ಬಂದರೂ ಸಿರಿಂಜಿನಲ್ಲಿ ಹಿಡಿದು ಮಗುವಿನ ಕೆನ್ನೆ ಒಳಗೆ ಸವರುತ್ತೇವೆ. ಹೋದದ್ದು ಹೋಯಿತು. ಆರನೇ ದಿನಕ್ಕೆ ಹಾಲು ಬಂದೇ ಇದೆಯಲ್ಲ, ಕೈ ಬಿಡಬೇಡಿ. ತಿಂಗಳು ತುಂಬದೆ ಹೆತ್ತ ತಾಯಿಯ ಹಾಲಿನಲ್ಲಿ ಮೊದಲ ಕೆಲವು ವಾರ ಪ್ರೋಟೀನ್ ಜಾಸ್ತಿ ಇರುತ್ತದೆ.

ಡಬ್ಬಿ ಹಾಲು ಯಾಕೆ ಬೇಡ ಅಂದರೆ, ಇಷ್ಟು ಚಿಕ್ಕ ಮಕ್ಕಳ ಕರುಳು ತುಂಬಾ ಎಳೆಯದು. ಕರುಳು ಊದಿ ಕೊಳೆಯುವ ಒಂದು ಕಾಯಿಲೆ ಇದೆ, ನಾವು ಎನ್‌ಇಸಿ ಅನ್ನುತ್ತೇವೆ. ಡಬ್ಬಿ ಹಾಲು ಕುಡಿದ ಮಕ್ಕಳಿಗೆ ಅದು ಬರುವ ಸಾಧ್ಯತೆ ಜಾಸ್ತಿ, ತಾಯಿ ಹಾಲಿನವಕ್ಕೆ ಕಡಿಮೆ. ಚಿಕ್ಕಮ್ಮನಿಗೆ ಇದೊಂದು ಮಾತು ಹೇಳಿ, ಸಾಕು.

ತೂಕಕ್ಕೆ ಹೆದರಬೇಡಿ. ಮೊದಲ ವಾರ ಇಳಿಯುತ್ತದೆ. ಹುಟ್ಟಿದ ತೂಕಕ್ಕೆ ಮರಳಲು 10ರಿಂದ 14 ದಿನ ಹಿಡಿಯುತ್ತದೆ.

ಅದೇ ತಾಯಿ:

ಓದಿ ಅತ್ತುಬಿಟ್ಟೆ ಸಿಸ್ಟರ್. ಕೈಯಲ್ಲಿ ತೆಗೆಯುವಾಗ ತುಂಬಾ ನೋವು. ಪಂಪ್ ತರಿಸಲಾ?

ಉತ್ತರ:

ನೋವಾಗುತ್ತಿದೆ ಅಂದರೆ ತೊಟ್ಟು ಎಳೆಯುತ್ತಿದ್ದೀರಿ. ನಮ್ಮ ವಾರ್ಡಿಗೆ ಬರುವ ಹತ್ತರಲ್ಲಿ ಎಂಟು ಜನ ಹಸುವಿನ ಕೆಚ್ಚಲು ಹಿಂಡಿದ ಹಾಗೆಯೇ ಶುರು ಮಾಡುತ್ತಾರೆ. ಮನೆಯಲ್ಲಿ ನೋಡಿದ್ದು ಅದೇ ಅಲ್ವಾ!

ಸೋಪು ಹಾಕಿ ಕೈ ತೊಳೆಯಿರಿ, ಕುದಿಸಿದ ಸ್ಟೀಲ್ ಬಟ್ಟಲು ಇಟ್ಟುಕೊಳ್ಳಿ. ಬಿಸಿನೀರಲ್ಲಿ ಅದ್ದಿದ ಬಟ್ಟೆ ಎದೆಗೆ ಎರಡು ನಿಮಿಷ ಹಾಕಿ, ಬೆರಳಲ್ಲಿ ಮೆಲ್ಲಗೆ ಉಜ್ಜಿ. ಆಮೇಲೆ ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ. ತೊಟ್ಟಿನ ಮೇಲಲ್ಲ, ಅದರಿಂದ ಎರಡು ಬೆರಳಗಲ ಹಿಂದೆ. ಮೊದಲು ಎದೆಗೂಡಿನ ಕಡೆಗೆ ಒಳಕ್ಕೆ ಒತ್ತಿ. ಹಾಗೇ ಒತ್ತಿಕೊಂಡೇ ಎರಡೂ ಬೆರಳು ಸೇರಿಸಿ, ಬಿಡಿ. ಒತ್ತಿ, ಸೇರಿಸಿ, ಬಿಡಿ. ಬೆರಳು ಚರ್ಮದ ಮೇಲೆ ಜಾರಬಾರದು. ಮೊದಲ ಒಂದೆರಡು ನಿಮಿಷ ಏನೂ ಬರುವುದಿಲ್ಲ, ಅಲ್ಲೇ ಬಹಳ ಜನ ಬಿಟ್ಟುಬಿಡುತ್ತಾರೆ. ಮುಂದುವರಿಸಿ. ಹನಿ ಹನಿಯಾಗಿ ಬಂದದ್ದು ಆಮೇಲೆ ಎಳೆ ಎಳೆಯಾಗಿ ಚಿಮ್ಮುತ್ತದೆ. ಧಾರೆ ನಿಂತಾಗ ಬೆರಳಿನ ಜಾಗ ಸುತ್ತಲೂ ತಿರುಗಿಸಿ. 5 ನಿಮಿಷ ಒಂದು ಕಡೆ, ಆಮೇಲೆ ಇನ್ನೊಂದು ಕಡೆ, ಹೀಗೆ ಒಟ್ಟು 20ರಿಂದ 30 ನಿಮಿಷ.

ಪಂಪ್ ಬೇಡ ಅನ್ನುವುದಿಲ್ಲ. ಮನೆಗೆ ಹೋದ ಮೇಲೆ ಅನುಕೂಲ. ಆದರೆ ಪಂಪ್ ಆದ ಮೇಲೂ ಎರಡು ನಿಮಿಷ ಕೈಯಲ್ಲಿ ತೆಗೆಯಿರಿ, ಇನ್ನೂ ಹಾಲಿರುತ್ತದೆ. ಪಂಪಿನ ಭಾಗಗಳನ್ನು ಪ್ರತಿ ಸಲ ತೊಳೆಯಬೇಕು, ದಿನಕ್ಕೊಮ್ಮೆ ಕುದಿಸಬೇಕು.

ಇನ್ನೊಂದು ಉಪಾಯ. ಡಾಕ್ಟರ್ ಒಪ್ಪಿದರೆ ಮಗುವನ್ನು ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಂಡು ಕೂರಿ. ಕಾಂಗರೂ ಆರೈಕೆ. 1978ರಲ್ಲಿ ಕೊಲಂಬಿಯಾ ದೇಶದ ಒಂದು ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್ ಸಾಲದೆ ಶುರುವಾದದ್ದು. ಈಗ ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 8 ಗಂಟೆಯಾದರೂ ಮಾಡಿ ಅನ್ನುತ್ತದೆ. ಅದಾದ ತಕ್ಷಣ ಹಾಲು ತೆಗೆದು ನೋಡಿ, ವ್ಯತ್ಯಾಸ ಬಟ್ಟಲಲ್ಲೇ ಕಾಣುತ್ತದೆ.

ಪ್ರಶ್ನೆ (ವಿರಾಜಪೇಟೆ ಹತ್ತಿರದ ತಂದೆ):

ನಮ್ಮ ಮಗುವೂ ಒಳಗಿದೆ. ಹೆಂಡತಿ ತೋಟದ ಮನೆಯಲ್ಲಿ. ನಾನು ದಿನಕ್ಕೊಮ್ಮೆ ಬೈಕಲ್ಲಿ ಹಾಲು ತಲುಪಿಸುತ್ತೇನೆ. ಈ ಮಳೆಗೆ ಮರ ಬಿದ್ದು ನಿನ್ನೆಯಿಂದ ಕರೆಂಟಿಲ್ಲ. ಫ್ರಿಜ್‌ನಲ್ಲಿದ್ದ ಹಾಲು ಕೊಡಬಹುದಾ? ಅಲ್ಲಿ ಹಾಲಿಗೆ ಏನೋ ಪುಡಿ ಬೆರೆಸುವುದನ್ನೂ ನೋಡಿದೆ. ಅದು ಡಬ್ಬಿ ಹಾಲೇ ಅಲ್ವಾ?

ಉತ್ತರ:

ಬಾಗಿಲು ತೆಗೆಯದೆ ಇಟ್ಟರೆ ಫ್ರಿಜ್ ಸುಮಾರು 4 ಗಂಟೆ ತಣ್ಣಗಿರುತ್ತದೆ. ನಿನ್ನೆಯಿಂದ ಇಲ್ಲ ಅಂದರೆ ಆ ಹಾಲು ಮಗುವಿಗೆ ಬೇಡ. ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೂ ಚೆಲ್ಲಿ.

ತೆಗೆದ ಹಾಲು ಹೊರಗೆ 4 ಗಂಟೆ ಇರುತ್ತದೆ. ಫ್ರಿಜ್‌ನಲ್ಲಿ, ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಮಕ್ಕಳಿಗೆ ಅಂದರೆ ನಾವು 24 ಗಂಟೆಯ ಲೆಕ್ಕ ಇಡುತ್ತೇವೆ. ಬಾಗಿಲಿನ ತಟ್ಟೆಯಲ್ಲಿ ಇಡಬೇಡಿ, ಒಳಗೆ ಹಿಂದಕ್ಕೆ ಇಡಿ. ಬೈಕಿಗೆ ಐಸ್ ಪ್ಯಾಕ್ ಹಾಕಿದ ಡಬ್ಬ ಬೇಕು. ಅಗಲ ಬಾಯಿನ ಫ್ಲಾಸ್ಕಿಗೆ ಐಸ್ ತುಂಬಿ, ಬಾಟಲಿಯನ್ನು ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಇಟ್ಟರೂ ಆಯಿತು. ಬಾಟಲಿ ಮೇಲೆ ತಾಯಿಯ ಹೆಸರು, ತಾರೀಖು, ತೆಗೆದ ಹೊತ್ತು ಬರೆದು ಟೇಪ್ ಅಂಟಿಸಿ. ಮಳೆಯಲ್ಲಿ ಪೆನ್ನಿನ ಶಾಯಿ ಅಳಿಸಿಹೋಗಿ ಯಾರ ಹಾಲು ಅಂತ ಗೊತ್ತಾಗದೆ ಚೆಲ್ಲಿದ್ದೇವೆ, ಅದಕ್ಕೇ ಹೇಳುತ್ತಿದ್ದೇನೆ. ಬೆಚ್ಚಗೆ ಮಾಡಲು ಬಾಟಲಿಯನ್ನು ಉಗುರು ಬೆಚ್ಚಗಿನ ನೀರಲ್ಲಿ ಇಟ್ಟರೆ ಸಾಕು. ಒಲೆಯ ಮೇಲಾಗಲಿ ಮೈಕ್ರೋವೇವ್‌ನಲ್ಲಾಗಲಿ ಇಡಲೇಬೇಡಿ.

ಆ ಪುಡಿ ಫೋರ್ಟಿಫೈಯರ್. 1.5 ಕೆಜಿಗಿಂತ ಕಡಿಮೆ ಇರುವ ಮಕ್ಕಳು ಬೇಗ ಬೆಳೆಯಬೇಕು, ಆದರೆ ಹೊಟ್ಟೆ ಹಿಡಿಯುವುದು ಇಷ್ಟೇ. ಹಾಗಾಗಿ ತಾಯಿ ಹಾಲಿಗೇ ಪ್ರೋಟೀನ್, ಕ್ಯಾಲ್ಸಿಯಂ, ರಂಜಕ ಬೆರೆಸುತ್ತಾರೆ. ಡಬ್ಬಿ ಹಾಲು ತಾಯಿ ಹಾಲಿನ ಜಾಗಕ್ಕೆ ಬರುತ್ತದೆ, ಇದು ತಾಯಿ ಹಾಲಿನ ಜೊತೆಗೆ ಹೋಗುತ್ತದೆ.

ಪ್ರಶ್ನೆ (ಕುಶಾಲನಗರದ ಅಜ್ಜಿ, ಮೊಮ್ಮಗಳು ಬರೆದುಕೊಟ್ಟದ್ದು):

ಬಾಣಂತಿ ಕಾಫಿ ಕುಡಿಯಬಹುದಾ? ಮಗುವಿಗೆ ಜೇನು, ಬಜೆ ತೇದು ನೆಕ್ಕಿಸಬಹುದಾ? ಹಾಲು ಸಾಲದಿದ್ದರೆ ಪಕ್ಕದ ಮನೆ ಬಾಣಂತಿಯ ಹಾಲು ಕೊಡಬಹುದಾ? ನಮ್ಮ ಕಾಲದಲ್ಲಿ ಕೊಡುತ್ತಿದ್ದೆವು.

ಉತ್ತರ:

ಅಜ್ಜೀ, ಕೊಡಗಿನಲ್ಲಿ ಕೂತು ಕಾಫಿ ಬಿಡಿ ಅಂದರೆ ನನ್ನನ್ನು ಈ ಗುಂಪಿನಿಂದಲೇ ಓಡಿಸುತ್ತೀರಿ. ದಿನಕ್ಕೆ ಒಂದೆರಡು ಲೋಟ ಪರವಾಗಿಲ್ಲ. ಒಂದು ತಮಾಷೆ ಹೇಳಲಾ? ಉಸಿರಾಡೋದನ್ನು ಮಧ್ಯೆ ಮಧ್ಯೆ ಮರೆಯುವ ಚಿಕ್ಕ ಮಕ್ಕಳಿಗೆ ನಾವೇ ಕೆಫೀನ್ ಔಷಧಿ ಕೊಡುತ್ತೇವೆ, ಕಾಫಿಯಲ್ಲಿರುವುದೇ. ಆದರೆ ಅದು ಇಂಥ ಮಕ್ಕಳ ಮೈಯಲ್ಲಿ ದಿನಗಟ್ಟಲೆ ಉಳಿಯುತ್ತದೆ. ಹಾಗಾಗಿ ಬಾಣಂತಿ ಐದಾರು ಲೋಟ ಇಳಿಸುವುದು ಬೇಡ.

ಜೇನು, ಬಜೆ, ಸಕ್ಕರೆ ನೀರು ಯಾವುದೂ ಬೇಡ. ಜೇನಿನಲ್ಲಿರುವ ಒಂದು ರೋಗಾಣು ಮಕ್ಕಳ ನರಕ್ಕೇ ಹೊಡೆಯುತ್ತದೆ. ಒಂದು ವರ್ಷ ತುಂಬುವವರೆಗೆ ಯಾವ ಮಗುವಿಗೂ ಜೇನು ಕೊಡಬಾರದು.

ಪಕ್ಕದ ಮನೆಯ ಹಾಲು ಹಸಿಯಾಗಿ ಕೊಡಬೇಡಿ. ಎಚ್‌ಐವಿಯಂಥ ಸೋಂಕು ಹಾಲಿನಿಂದ ದಾಟಬಹುದು. ಹಾಲಿನ ಬ್ಯಾಂಕಿನಲ್ಲಿ ದಾನಿಯ ರಕ್ತ ಪರೀಕ್ಷೆ ಮಾಡಿ, ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ, ಮತ್ತೆ ಪರೀಕ್ಷಿಸಿ ಕೊಡುತ್ತಾರೆ. ನಮ್ಮ ದೇಶದ ಮೊದಲ ಹಾಲಿನ ಬ್ಯಾಂಕ್ 1989ರಲ್ಲಿ ಮುಂಬೈನ ಸಯನ್ ಆಸ್ಪತ್ರೆಯಲ್ಲಿ ಆಯಿತು. ಬೆಂಗಳೂರಿನ ವಾಣಿ ವಿಲಾಸದಲ್ಲೂ ಇದೆ. ತಾಯಿ ಹಾಲು ಸಾಲದೇ ಹೋದರೆ ಮೊದಲು ಅಂಥ ಹಾಲು ಸಿಗುತ್ತದಾ ಅಂತ ಡಾಕ್ಟರನ್ನು ಕೇಳಿ. ಆಮೇಲೆ ಡಬ್ಬಿಯ ಮಾತು.

ಸೋಮವಾರಪೇಟೆ ಕಡೆಯ ಅದೇ ತಾಯಿ (12 ದಿನದ ನಂತರ):

ಸಿಸ್ಟರ್, ದಿನಕ್ಕೆ 8 ಸಲ ತೆಗೆಯುತ್ತಿದ್ದೇನೆ. ನಿನ್ನೆ ಒಟ್ಟು 410 ಎಂಎಲ್! ತೂಕ 1 ಕೆಜಿ 470. ಇವತ್ತು ಮೊದಲ ಸಲ ಒಳಲೆಯಲ್ಲಿ ಕುಡಿಸಲು ಬಿಟ್ಟರು. 10 ಎಂಎಲ್ ಕುಡಿಯಲು 25 ನಿಮಿಷ ತೆಗೆದುಕೊಂಡಳು. ಅರ್ಧ ಕತ್ತಿನ ಬಟ್ಟೆಗೇ ಹೋಯಿತು. ನೇರ ಎದೆಗೆ ಹಾಕಿಕೊಳ್ಳುವುದು ಯಾವಾಗ?

ಉತ್ತರ:

410! ಚಿಕ್ಕಮ್ಮನಿಗೆ ತೋರಿಸಿದಿರಾ?

ನಿಮ್ಮ ಮಗುವಿಗೆ ಈಗ 34 ವಾರ ಹತ್ತಿರ. ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರೂ ಜೊತೆಗೂಡುವುದು ಈ ಹೊತ್ತಿಗೇ. ಒಳಲೆ ಹಿಡಿದಾಗ ಮಗುವನ್ನು ಮಲಗಿಸಬೇಡಿ, ಒರಗಿಸಿ ಕೂರಿಸಿಕೊಳ್ಳಿ. ಒಳಲೆಯ ಮೂತಿ ಕೆಳತುಟಿಯ ಅಂಚಿಗೆ ತಾಗಲಿ. ಹಾಲು ತುಟಿಗೆ ಮುಟ್ಟಿದರೆ ಸಾಕು, ಸುರಿಯಬೇಡಿ, ಅವಳೇ ನೆಕ್ಕಿ ಎಳೆದುಕೊಳ್ಳುತ್ತಾಳೆ. ನುಂಗಿದ ಮೇಲೆ ಮುಂದಿನದು. ತುಟಿ ನೀಲಿಯಾದರೆ, ಉಸಿರು ಜೋರಾದರೆ, ಸುಸ್ತಾಗಿ ಕೈ ಜೋತುಬಿದ್ದರೆ ನಿಲ್ಲಿಸಿ. ಉಳಿದದ್ದನ್ನು ಟ್ಯೂಬಲ್ಲಿ ಕೊಡುತ್ತಾರೆ. 25 ನಿಮಿಷ ಸ್ವಲ್ಪ ಜಾಸ್ತಿಯಾಯಿತು, ಇನ್ನೂ ಎರಡು ದಿನದಲ್ಲಿ ಚುರುಕಾಗುತ್ತಾಳೆ.

ಎದೆಗೆ ಹಾಕಿಕೊಳ್ಳುವುದು ಇವತ್ತಿನಿಂದಲೇ ಅಭ್ಯಾಸ ಮಾಡಬಹುದು, ಡ್ಯೂಟಿಯಲ್ಲಿರುವ ಸಿಸ್ಟರ್ ಜೊತೆಗಿದ್ದರೆ. ಮೊದಲು ಹಾಲು ತೆಗೆದುಬಿಡಿ. ಖಾಲಿ ಎದೆಯಲ್ಲಿ ಸುಮ್ನೆ ಚೀಪಲಿ, ಉಸಿರು ಕಟ್ಟುವ ಭಯ ಇರುವುದಿಲ್ಲ.

ಹಾಲಿನ ವಿಷಯ ಅಲ್ಲ, ಆದರೂ ಕೇಳುತ್ತೇನೆ. ಹುಟ್ಟಿದ 30 ದಿನದೊಳಗೆ ಕಣ್ಣಿನ ರೆಟಿನಾ ಪರೀಕ್ಷೆ ಆಗಬೇಕು. ನಿಮ್ಮ ಮಗುವಿಗೆ ಇವತ್ತು 18ನೇ ದಿನ. ತಾರೀಖು ಕೊಟ್ಟಿದ್ದಾರಾ?

ಅದೇ ತಾಯಿ:

ಇಲ್ಲ ಸಿಸ್ಟರ್. 5 ಗಂಟೆಯ ಹಾಲು ಕೊಡಲು ಹೋದಾಗ ಕೇಳುತ್ತೇನೆ.