‘ಮೌಂಟ್’ ಮಾಡುವುದಕ್ಕೆ ‘ಹೂಡು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಕಂಪ್ಯೂಟರಿನಲ್ಲಿ ಡಿಸ್ಕನ್ನು ‘ಮೌಂಟ್’ ಮಾಡುವುದು ಅಂತಾರಲ್ಲ, ಅಂದರೆ ಡಿಸ್ಕಿನ ಫೈಲುಗಳನ್ನು ಕಂಪ್ಯೂಟರು ಓದುವ ಹಾಗೆ ಸೇರಿಸಿ ತೆರೆಯುವುದು, ಅದಕ್ಕೆ ಕನ್ನಡದಲ್ಲಿ ‘ಹೂಡು’ ಎಂದು ಬರೆದರೆ ಓದುವವರಿಗೆ ಹಿಡಿಸೀತೇ, ಸರಿಯಾಗಿ ಅರ್ಥವಾದೀತೇ? ಬಲ್ಲವರು ಹೇಳಬೇಕು. ಇದು ನಾನು ಕೂತು ಹೊಸೆದ ಪದವಲ್ಲ, ನಮ್ಮಣ್ಣನ ಬಾಯಲ್ಲಿ ತಾನಾಗಿ ಬಂದದ್ದು. ಅದು ಹೇಗೆ ಬಂತು ಅನ್ನುವುದನ್ನು ಮೊದಲು ಹೇಳುತ್ತೇನೆ. ಪದ ಎಷ್ಟು ಗಟ್ಟಿ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಅಣ್ಣ 2000ದ ಸುಮಾರಿಗೆ ಮಂಡ್ಯದಲ್ಲಿ ನಾಲ್ಕು ಕಂಪ್ಯೂಟರ್ ಇಟ್ಟುಕೊಂಡು ಸೈಬರ್ ಸೆಂಟರ್ ನಡೆಸುತ್ತಿದ್ದ. ಕಾಲೇಜು ಬಿಟ್ಟ ಹುಡುಗರು ಸಂಜೆ ಹೊತ್ತು ಬಂದು ಗಂಟೆ ಲೆಕ್ಕದಲ್ಲಿ ಆಟ ಆಡಿ ಹೋಗೋರು. ಮೊಬೈಲು ಬಂದ ಮೇಲೆ ಅಂಗಡಿ ಮುಚ್ಚಿದ, ಊರಿಗೆ ಹೋಗಿ ಕಬ್ಬು, ಭತ್ತ ನೋಡಿಕೊಂಡ. ಆದರೆ ಆಟದ ಸಿ.ಡಿ.ಗಳನ್ನು ಎಸೆಯಲಿಲ್ಲ. ಬಿಸ್ಕತ್ತಿನ ತಗಡು ಡಬ್ಬಿಯಲ್ಲಿ, ಎರಡೆರಡು ಸಿ.ಡಿ. ನಡುವೆ ಹಳೇ ಕ್ಯಾಲೆಂಡರಿನ ಹಾಳೆ ಕತ್ತರಿಸಿ ಇಟ್ಟು, ಅಷ್ಟು ವರ್ಷ ಜೋಪಾನ ಮಾಡಿದ್ದ. ಈಗ ಅವನ ಮಕ್ಕಳಿಗೆ ಆ ಆಟಗಳನ್ನು ನೋಡುವ ಆಸೆ. ಮನೆಯ ಲ್ಯಾಪ್‌ಟಾಪಿನಲ್ಲಿ ಸಿ.ಡಿ. ಹಾಕುವ ಜಾಗವೇ ಇಲ್ಲ. ಇದ್ದರೂ ಇವತ್ತಿನ ವಿಂಡೋಸ್ ಆ ಆಟಗಳಲ್ಲಿ ಎಷ್ಟನ್ನೋ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆಟ 32 ಬಿಟ್‌ನದಾದರೂ ಅದನ್ನು ಕಂಪ್ಯೂಟರಿಗೆ ಹಾಕುವ ಸೆಟಪ್ ಮಾತ್ರ ಇನ್ನೂ ಹಳೇ ಕಾಲದ 16 ಬಿಟ್‌ನದಾಗಿದ್ದರೆ ಇವತ್ತಿನ 64 ಬಿಟ್ ವಿಂಡೋಸ್ ಸಾಮಾನ್ಯವಾಗಿ ಅದನ್ನು ತೆರೆಯುವುದಿಲ್ಲ. ಹಾಗಾಗಿ ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಇರುವ ಹಾಗೆ ಮಾಡುವ ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶ ಹಾಕಿ, ಅದರೊಳಗೆ ವಿಂಡೋಸ್ 98 ಕೂರಿಸಿ, ಅಲ್ಲಿ ಆಡುವುದೇ ದಾರಿ.

ನಾನು ಮೈಸೂರಿನಲ್ಲಿ ಒಂದೊಂದು ಡಿಸ್ಕನ್ನೂ ಐಎಸ್‌ಒ ಎಂಬ ಬಗೆಯ ಒಂದೊಂದು ಫೈಲು ಮಾಡಿ ಪೆನ್‌ಡ್ರೈವಿಗೆ ಹಾಕಿದೆ. ಜತೆಗೆ ಏನು ಮಾಡಬೇಕೆಂದು ಎರಡು ಹಾಳೆ ಕನ್ನಡದಲ್ಲಿ ಬರೆದುಕೊಟ್ಟೆ. ಅದರಲ್ಲಿ ಎಲ್ಲ ಕಡೆ ‘ಮೌಂಟ್ ಮಾಡಿ’ ಅಂತಲೇ ಬರೆದಿದ್ದೆ. ಎರಡು ದಿನ ಬಿಟ್ಟು ಅಣ್ಣ ಫೋನ್ ಮಾಡಿದ:

“ನೀನು ಬರ್ದಂಗೇ ಡಿಸ್ಕು ಹೂಡಿವ್ನಿ ಕಣಮ್ಮಿ. ಆದ್ರೂ ಸಿ.ಡಿ. ಹಾಕು ಅಂತ್ಲೇ ಕೇಳ್ತಾ ಅದೆ.”

ನಾನು ಹಾಳೆಯಲ್ಲಿ ಬರೆದಿದ್ದ ಪದವನ್ನು ಅವನು ಓದಿದ್ದ, ಆದರೆ ಹೇಳುವಾಗ ತನ್ನ ಪದವನ್ನೇ ಹೇಳಿದ. ತಪ್ಪು ಎಲ್ಲಾಗಿದೆ ಅಂತ ಕೇಳುತ್ತಾ ಹೋದೆ. ಅವನು ಆ ಐಎಸ್‌ಒ ಫೈಲಿನ ಮೇಲೆ ಹೊರಗಿನ, ಅಂದರೆ ಲ್ಯಾಪ್‌ಟಾಪಿನ, ವಿಂಡೋಸಿನಲ್ಲೇ ಎರಡು ಸಲ ಕ್ಲಿಕ್ ಮಾಡಿದ್ದ. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ಹಾಗೆ ಕ್ಲಿಕ್ ಮಾಡಿದರೆ ಸಾಕು, ಒಂದು ಹೊಸ ಡ್ರೈವ್ ಬಂದು ಕೂರುತ್ತದೆ. ಅದು ಕಂಡದ್ದೇ ಎಲ್ಲ ಸರಿಹೋಯಿತು ಅಂದುಕೊಂಡಿದ್ದಾನೆ. ಆದರೆ ಒಳಗಿರುವ ವಿಂಡೋಸ್ 98ಕ್ಕೆ ಹೊರಗಿನ ಸುದ್ದಿ ತಿಳಿಯುವುದಿಲ್ಲ. ಅದರ ಸಿ.ಡಿ. ಡ್ರೈವ್ ಬೇರೆ, ಅದಿನ್ನೂ ಖಾಲಿ. ಇಷ್ಟು ಹೇಳುವಷ್ಟರಲ್ಲಿ ಅವನೇ ಅಂದ: “ಓಹೋ, ಎತ್ತು ನಮ್ದೇ, ಹೂಡಿರೋದು ಪಕ್ಕದ್ಮನೆ ಗಾಡಿಗೆ ಅನ್ನು.” ಹೊರಗಿನದನ್ನು ತೆಗೆದ. ವರ್ಚುವಲ್‌ಬಾಕ್ಸಿನ ಕಿಟಕಿಯ ಮೇಲಿರುವ ಡಿವೈಸಸ್ ಮೆನುವಿಗೆ ಹೋಗಿ ಅದೇ ಫೈಲನ್ನು ಆರಿಸಿದ. ಒಳಗಿನ ಮೈ ಕಂಪ್ಯೂಟರಿನಲ್ಲಿ ಬರೀ ಸಿ.ಡಿ.ಯ ಗುರುತಿದ್ದ ಕಡೆ ಆಟದ್ದೇ ಗುರುತು ಬಂತು. “ಈಗ ಹೂಡ್ತು” ಅಂದ.

ಅವತ್ತಿನಿಂದ ಈ ಪದ ನನ್ನನ್ನು ಬಿಟ್ಟಿಲ್ಲ.

ಇಂಗ್ಲಿಷಿನವರಿಗೆ ‘ಮೌಂಟ್’ ಬಂದದ್ದು ಕೈಕೆಲಸದಿಂದ. 1960ರ ದಶಕದ ದೊಡ್ಡ ಕಂಪ್ಯೂಟರುಗಳಲ್ಲಿ ಟೇಪಿನ ಸುರುಳಿ, ಡಿಸ್ಕಿನ ಅಡುಕು ಇವನ್ನು ಆಪರೇಟರು ಕಪಾಟಿನಿಂದ ತಂದು ಯಂತ್ರಕ್ಕೆ ಕೂರಿಸಬೇಕಿತ್ತು. ಆ ಕೆಲಸದ ಹೆಸರೇ ಆಜ್ಞೆಯ ಹೆಸರೂ ಆಯಿತು. ವಿಂಡೋಸಿನ ಹಾಗೆ ಕಂಪ್ಯೂಟರನ್ನು ನಡೆಸುವ ಆಪರೇಟಿಂಗ್ ಸಿಸ್ಟಂ ಆದ ಯುನಿಕ್ಸಿನ 1971ರ ಕೈಪಿಡಿಯಲ್ಲೇ ‘ಮೌಂಟ್’, ಅದನ್ನು ಬಿಡಿಸುವ ‘ಯುಮೌಂಟ್’ ಎರಡೂ ಇವೆ. ಅಂದರೆ ಅವರು ಕೈ ಬಳಸಿ ಮಾಡುತ್ತಿದ್ದ ಕೆಲಸದ ಮಾತನ್ನೇ ಎತ್ತಿಕೊಂಡರು. ನಾವೂ ಹಾಗೆ ನಮ್ಮ ಕೈಕೆಲಸದ ಮಾತನ್ನು ಎತ್ತಿಕೊಳ್ಳಬಹುದಲ್ಲ ಎಂಬುದು ನನ್ನ ಯೋಚನೆ.

ಈಗ ಬಳಕೆಯಲ್ಲಿರುವ ಕನ್ನಡ ಪದಗಳನ್ನು ನೋಡಿದೆ. ಕೆಲವು ಅನುವಾದಗಳಲ್ಲಿ ‘ಆರೋಹಿಸು’ ಅಂತಿದೆ. ಬೆಟ್ಟ ಹತ್ತುವವರು, ಸಿಂಹಾಸನ ಏರುವವರು ಆರೋಹಿಸುತ್ತಾರೆ, ಸಂಗೀತದಲ್ಲಿ ಸ್ವರ ಆರೋಹಿಸುತ್ತದೆ. ‘ಡಿಸ್ಕನ್ನು ಆರೋಹಿಸಿ’ ಎಂದರೆ ಡಿಸ್ಕಿನ ಮೇಲೆ ನಾನು ಹತ್ತಬೇಕು ಎಂದೇ ಅರ್ಥ ಬರುತ್ತದೆ. ಇದು ಇಂಗ್ಲಿಷ್ ನಿಘಂಟಿನ ಮೊದಲ ಅರ್ಥವನ್ನು ಹಿಡಿದು ಮಾಡಿದ ಅನುವಾದ, ಖಂಡಿತ ಬೇಡ. ‘ಏರಿಸು’ ಚೆನ್ನಾಗಿತ್ತು, ಆದರೆ ಅಪ್‌ಲೋಡಿಗೆ ಅದು, ಡೌನ್‌ಲೋಡಿಗೆ ‘ಇಳಿಸು’ ಎಂದು ಜನ ಆಗಲೇ ರೂಢಿ ಮಾಡಿಕೊಂಡಿದ್ದಾರೆ. ‘ಸ್ಥಾಪಿಸು’ ಇನ್‌ಸ್ಟಾಲಿಗೆ ಹೋಗಿದೆ.

ಇಲ್ಲಿ ನನ್ನ ಗೆಳತಿಯೊಬ್ಬಳು ‘ಕಟ್ಟು’ ಅನ್ನಬಹುದಲ್ಲ ಅಂದಳು. ಅವಳ ಮಾತಿಗೆ ಆಧಾರವಿದೆ. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಆನೆಯ ಬೆನ್ನಿಗೆ ಏರಿಸುವ ಕೆಲಸಕ್ಕೆ ಮೈಸೂರಿನಲ್ಲಿ ‘ಅಂಬಾರಿ ಕಟ್ಟೋದು’ ಅಂತಲೇ ಹೇಳುವುದು. ಮೊದಲು ನಮ್ದಾ ಎಂಬ ಮೆತ್ತನೆಯ ಹಾಸು, ಅದರ ಮೇಲೆ ಗಾದಿ, ಹಗ್ಗ ಬಿಗಿದು ಭದ್ರವಾದ ಮೇಲೆ ಅಂಬಾರಿ. ಇಂಗ್ಲಿಷಿನ ‘ಮೌಂಟ್’ ಇದಕ್ಕೂ ಒಗ್ಗುತ್ತದೆ. ನಾನು ಒಂದು ದಿನ ಪೂರ್ತಿ ಈ ಪದದ ಕಡೆ ವಾಲಿದ್ದೆ. ಆದರೆ ಅಂಬಾರಿ ಆನೆಗೆ ಹೊರೆ, ಆನೆ ನಡೆಯುವುದಕ್ಕೆ ಅಂಬಾರಿ ಬೇಕಿಲ್ಲ. ಡಿಸ್ಕು ಯಂತ್ರಕ್ಕೆ ಹೊರೆಯಲ್ಲ, ಅದು ಸೇರಿದ ಮೇಲೇ ಆಟ ಸಾಗುವುದು. ಕಟ್ಟಿದ ಎತ್ತು ಕೊಟ್ಟಿಗೆಯಲ್ಲಿ ಮಲಗಿರಬಹುದು, ಹೂಡಿದ ಎತ್ತು ಕೆಲಸಕ್ಕೆ ನಿಂತಿರುತ್ತದೆ. ನಮ್ಮ ಕಡೆ ನೇಗಿಲಿಗೆ ಎತ್ತು ಹೂಡುವುದಕ್ಕೆ ‘ಆರು ಕಟ್ಟು’ ಅಂತಲೂ ಹೇಳುತ್ತಾರೆ, ಯುಗಾದಿಯ ಮೊದಲ ಉಳುಮೆಯಾದ ಹೊನ್ನಾರಿಗೆ ಕಟ್ಟೋದು, ಹೂಡೋದು ಎರಡನ್ನೂ ಕೇಳಿದ್ದೇನೆ. ಆದರೂ ‘ಕಟ್ಟು’ ಒಂದನ್ನೇ ಹೇಳಿದರೆ ಸಾಲದು, ಏನನ್ನು ಅಂತ ಕೇಳಬೇಕಾಗುತ್ತದೆ. ‘ಹೂಡು’ ಅಂದ ಕೂಡಲೇ ಎರಡನ್ನು ಸೇರಿಸಿ ಕೆಲಸಕ್ಕೆ ಅಣಿಮಾಡಿದ್ದು ಕಣ್ಣಿಗೆ ಬರುತ್ತದೆ.

ಹಳಗನ್ನಡದ ‘ಪೂಡು’ ಇದೇ. ತಮಿಳಿನ ‘ಪೂಟ್ಟು’ ಇದರ ನಂಟ, ಅಲ್ಲಿ ಏರು ಹೂಡುವುದಕ್ಕೂ ಬೀಗ ಹಾಕುವುದಕ್ಕೂ ಒಂದೇ ಮಾತು. ಕನ್ನಡದಲ್ಲಿ ನೊಗಕ್ಕೆ ಎತ್ತು ಹೂಡುತ್ತೇವೆ, ಬಿಲ್ಲಿಗೆ ಬಾಣ ಹೂಡುತ್ತೇವೆ, ಮೂರು ಕಲ್ಲಿಟ್ಟು ಒಲೆ ಹೂಡುತ್ತೇವೆ, ಬಿಡಾರ ಹೂಡುತ್ತೇವೆ, ದಾವೆಯನ್ನೂ ಹೂಡುತ್ತೇವೆ. ಇಷ್ಟರಲ್ಲೂ ಸೇರಿಸುವುದು, ಶುರುಮಾಡುವುದು ಎರಡೂ ಒಟ್ಟಿಗಿವೆ. ಬಾಣ ಬತ್ತಳಿಕೆಯಲ್ಲಿದ್ದರೆ ಹೂಡಿದಂತಲ್ಲ, ಬಿಟ್ಟ ಮೇಲೂ ಅಲ್ಲ. ಎರಡರ ನಡುವಿನ ಆ ಸಿದ್ಧ ಸ್ಥಿತಿ ಇದೆಯಲ್ಲ, ಮೌಂಟ್ ಆದ ಡಿಸ್ಕಿನದೂ ಅದೇ.

ಇನ್ನೊಂದು ಲಾಭವೂ ಇದೆ. ಇಲ್ಲಿ ಮೂರು ಬೇರೆ ಬೇರೆ ಕೆಲಸ ಇವೆ, ‘ಮೌಂಟ್’ ಎಂಬ ಒಂದೇ ಮಾತಿನಲ್ಲಿ ಅವು ಕಲಸಿಹೋಗುತ್ತವೆ. ವರ್ಚುವಲ್ ಮೆಷಿನ್ನಿಗೆ, ಅಂದರೆ ವರ್ಚುವಲ್‌ಬಾಕ್ಸಿನೊಳಗಿನ ಆ ಕಂಪ್ಯೂಟರಿಗೆ, ಒಂದು ಸಿ.ಡಿ. ಡ್ರೈವ್ ಇರುವಂತೆ ಮಾಡುವುದು ಒಂದು, ಅದನ್ನು ‘ಜೋಡಿಸು’ ಅನ್ನಬಹುದು. ಆ ಡ್ರೈವಿಗೆ ಡಿಸ್ಕನ್ನು ಕೊಡುವುದು ‘ಹಾಕು’. ಆಪರೇಟಿಂಗ್ ಸಿಸ್ಟಂ ಆ ಡಿಸ್ಕಿನ ಫೈಲುಗಳನ್ನು ತನ್ನ ಫೈಲುಗಳ ಜತೆಗೆ ಸೇರಿಸಿಕೊಂಡು ಓದುವುದಕ್ಕೆ ತೆರೆಯುವುದು ‘ಹೂಡು’. ವಿಂಡೋಸ್ 98ರಲ್ಲಿ ಹಾಕಿದ್ದೂ ಹೂಡಿದ್ದೂ ಒಂದೇ ಗಳಿಗೆಯಲ್ಲಿ ಆಗಿಬಿಡುವುದರಿಂದ ವ್ಯತ್ಯಾಸ ತಿಳಿಯುವುದಿಲ್ಲ. ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂನಲ್ಲಿ ಡಿಸ್ಕು ಡ್ರೈವಿನೊಳಗೇ ಇದ್ದು ಮೌಂಟ್ ಆಗದೆ ಇರಬಹುದು, ಅಲ್ಲಿ ಈ ಎರಡು ಪದ ಬೇರೆಯಾಗಿ ಬೇಕೇ ಬೇಕು.

ಇದಕ್ಕೆ ಎದುರಾಗಿ ಹೇಳಬೇಕಾದದ್ದೂ ಇದೆ. ಕ್ರಿಯಾಪದ ಸರಿ, ನಾಮಪದ ಮಾಡಲು ಹೋದರೆ ‘ಹೂಡಿಕೆ’ ಆಗುತ್ತದೆ. ಅದನ್ನು ಷೇರು, ಬಂಡವಾಳದವರು ಪೂರ್ತಿಯಾಗಿ ತಮ್ಮದಾಗಿಸಿಕೊಂಡಿದ್ದಾರೆ. ‘ಡಿಸ್ಕ್ ಹೂಡಿಕೆ’ ಅಂತ ಬರೆದರೆ ಡಿಸ್ಕಿನ ಮೇಲೆ ದುಡ್ಡು ಹಾಕಿದ ಹಾಗೆ ಕೇಳುತ್ತದೆ. ‘ಹೂಟೆ’ ಎಂದರೆ ಉಳುಮೆಯೇ. ‘ಹೂಟ’ ಎಂದರೆ ತಂತ್ರ, ಸಂಚು ಎಂಬ ಛಾಯೆ ಇದೆ. ‘ಹೂಡುವಿಕೆ’ ಬರಹಕ್ಕೆ ನಡೆಯುತ್ತದೆ, ಬಾಯಿಗೆ ಭಾರ. ಅನ್‌ಮೌಂಟಿಗೆ ಏನು ಅನ್ನುವುದೂ ತೀರ್ಮಾನವಾಗಿಲ್ಲ. ಗದ್ದೆಯಲ್ಲಾದರೆ ‘ಆರು ಬಿಡು’ ಅಂತೇವೆ, ಆದರೆ ‘ಡಿಸ್ಕು ಬಿಡು’ ಅಂದರೆ ಡಿಸ್ಕಿನ ಗೊಡವೆಯೇ ಬೇಡ ಅಂದ ಹಾಗೆ. ‘ಕಳಚು’ ನನಗೆ ಒಪ್ಪಿಗೆ: ನೊಗ ಕಳಚುವುದು, ಡಿಸ್ಕು ಕಳಚುವುದು. ಡ್ರೈವಿನಿಂದ ಹೊರಕ್ಕೆ ಬರುವುದಕ್ಕೆ ‘ತೆಗೆ’ ಇದ್ದೇ ಇದೆ.

ಇದರ ಬೆನ್ನಿಗೇ ಇನ್ನೊಂದು ಪದ: ‘ಇಮೇಜ್’. ಡಿಸ್ಕಿನಿಂದ ಮಾಡಿಕೊಂಡ ಐಎಸ್‌ಒದಂಥ ಫೈಲಿಗೆ ಇಂಗ್ಲಿಷಿನಲ್ಲಿ ಡಿಸ್ಕ್ ಇಮೇಜ್ ಅನ್ನುತ್ತಾರೆ, ಅದನ್ನು ‘ಡಿಸ್ಕ್ ಚಿತ್ರ’ ಎಂದವರಿದ್ದಾರೆ. ಅಣ್ಣನ ಮಗಳು ಅದನ್ನು ಓದಿದ್ದರೆ ಫೋಟೋ ಹುಡುಕುತ್ತಿದ್ದಳು. ನಾನು ‘ಪಡಿಯಚ್ಚು’ ಅಂತ ಬರೆದೆ. ‘ಅಪ್ಪನ ಪಡಿಯಚ್ಚು’ ಅಂತ ಮಕ್ಕಳನ್ನು ನೋಡಿ ಹೇಳುತ್ತೇವಲ್ಲ, ಆ ಪದ. ಬರೆದು ಖುಷಿಯಾಗಿದ್ದೆ. ಆದರೆ ಕ್ವೇಕ್ ಆಟ ಅದನ್ನು ಪರೀಕ್ಷೆಗೆ ಹಚ್ಚಿತು. 1996ರ ಆಟ ಅದು. ಅದರ ಸಿ.ಡಿ.ಯಲ್ಲಿ ಮೊದಲ ಟ್ರ್ಯಾಕ್ ಮಾತ್ರ ಆಟದ ಫೈಲುಗಳು, ಉಳಿದ ಟ್ರ್ಯಾಕುಗಳೆಲ್ಲ ಹಾಡಿನ ಸಿ.ಡಿ.ಯ ಹಾಗೆ ಬರೀ ಸಂಗೀತ. ಮನೆಯ ಸಿ.ಡಿ. ಪ್ಲೇಯರಿಗೆ ಹಾಕಿದರೂ ಕೇಳಬಹುದಿತ್ತು. ನಾನು ಮಾಡಿಕೊಟ್ಟ ಐಎಸ್‌ಒದಲ್ಲಿ ಆಟ ನಡೆಯಿತು, ಗುಂಡಿನ ಸದ್ದು ಬಂತು, ಸಂಗೀತ ಬರಲಿಲ್ಲ. ಅಣ್ಣನಿಗೆ ಅದು ಕೂಡಲೇ ಗೊತ್ತಾಯಿತು: “ಹಿಂದ್ಗಡೆ ಒಂದು ಗುಂಯ್ ಅನ್ನೋ ಸದ್ದು ಇರ್ತಿತ್ತು ಕಣಮ್ಮಿ, ಅದಿಲ್ವಲ್ಲ.”

ಕಾರಣ ಇಷ್ಟು. ಸಿ.ಡಿ.ಯಲ್ಲಿ ಎಲ್ಲವನ್ನೂ ಸೆಕ್ಟರ್ ಎಂಬ ಸಣ್ಣ ತುಣುಕುಗಳಲ್ಲಿ ಬರೆದಿರುತ್ತಾರೆ, ಒಂದೊಂದು ಸೆಕ್ಟರಿನಲ್ಲೂ 2352 ಬೈಟ್ ಇರುತ್ತದೆ. ಫೈಲುಗಳ ಟ್ರ್ಯಾಕಿನಲ್ಲಿ ಅದರಲ್ಲಿ 2048 ಬೈಟ್ ಮಾತ್ರ ಮಾಹಿತಿ, ಉಳಿದದ್ದು ತಪ್ಪು ತಿದ್ದುವುದಕ್ಕೆ ಮತ್ತು ಗುರುತಿಗೆ. ಸಂಗೀತದಲ್ಲಿ 2352ಕ್ಕೆ 2352ವೂ ಸದ್ದೇ. ಐಎಸ್‌ಒ ಫೈಲು ಆ 2048ರ ತುಣುಕುಗಳನ್ನಷ್ಟೇ ಎತ್ತಿಕೊಳ್ಳುತ್ತದೆ, ಸಂಗೀತಕ್ಕೆ ಅದರಲ್ಲಿ ಜಾಗವೇ ಇಲ್ಲ. ಪೂರ್ತಿ ಬೇಕಾದರೆ ಬಿನ್ ಮತ್ತು ಕ್ಯೂ ಎಂಬ ಜೋಡಿ ಫೈಲು ಮಾಡಬೇಕು. ಬಿನ್ ದೊಡ್ಡದು, ಎಲ್ಲ ಬೈಟುಗಳೂ ಅದರಲ್ಲಿರುತ್ತವೆ. ಕ್ಯೂ ನಾಲ್ಕಾರು ಸಾಲಿನ ಚೀಟಿ, ಯಾವ ಟ್ರ್ಯಾಕ್ ಎಲ್ಲಿಂದ ಶುರು ಅಂತ ಹೇಳುತ್ತದೆ. ಹಳೆಯ ಯಂತ್ರವನ್ನೇ ಅನುಕರಿಸುವ 86ಬಾಕ್ಸ್ ಎಂಬ ಇನ್ನೊಂದು ತಂತ್ರಾಂಶಕ್ಕೆ ಈ ಜೋಡಿಯನ್ನು ಹಾಕಲು ಬರುತ್ತದೆ. ಹೋದ ಭಾನುವಾರ ಅದರಲ್ಲಿ ಹೂಡಿಕೊಟ್ಟೆ, ಗುಂಯ್ ಸದ್ದು ಬಂತು.

ಹಾಗಾದರೆ ಐಎಸ್‌ಒವನ್ನು ಪಡಿಯಚ್ಚು ಅನ್ನುವುದು ಸರಿಯೇ? ನಕಲು ಆಗಬಾರದೆಂದು ಬೇಕೆಂದೇ ಓದಲಾಗದ ಸೆಕ್ಟರುಗಳನ್ನು ಇಟ್ಟ ಡಿಸ್ಕುಗಳೂ ಇದ್ದವು, ಸೇಫ್‌ಡಿಸ್ಕ್ ಎಂಬ ನಕಲು ತಡೆ ಹಾಕಿದ ಆಟಗಳು ಅಂಥವು. ಅವುಗಳ ಮಾಮೂಲಿ ನಕಲು ನಡೆಯುವುದೇ ಇಲ್ಲ. ನನಗನ್ನಿಸುವುದು, ಫೈಲುಗಳನ್ನಷ್ಟೇ ಎತ್ತಿಕೊಂಡದ್ದಕ್ಕೆ ‘ಡಿಸ್ಕಿನ ಪ್ರತಿ’, ಬೈಟಿಗೆ ಬೈಟು ಎತ್ತಿಕೊಂಡದ್ದಕ್ಕೆ ಮಾತ್ರ ‘ಪಡಿಯಚ್ಚು’ ಎಂದು ಇಟ್ಟುಕೊಳ್ಳೋಣ. ಇಂಗ್ಲಿಷ್ ಎರಡಕ್ಕೂ ಒಂದೇ ಪದ ಬಳಸಿ ಗೊಂದಲ ಮಾಡಿಕೊಂಡಿದೆ, ನಾವೂ ಮಾಡಿಕೊಳ್ಳಬೇಕಿಲ್ಲ.

‘ವರ್ಚುವಲ್’ ವಿಚಾರ ಎಳೆಯುವುದಿಲ್ಲ. ಶಾಲೆಯ ವಿಜ್ಞಾನದಲ್ಲಿ ಕನ್ನಡಿಯೊಳಗಿನದಕ್ಕೆ ‘ಮಿಥ್ಯ ಪ್ರತಿಬಿಂಬ’ ಅಂತ ಓದಿದ್ದೇವೆ, ಅದೇ ಜಾಡಿನಲ್ಲಿ ‘ಮಿಥ್ಯಾ ಯಂತ್ರ’ ಎಂದು ಬರೆಯುವವರಿದ್ದಾರೆ. ಅಲ್ಲಿ ಆಡಿದ ಆಟ ಮಿಥ್ಯೆಯಲ್ಲ, ಅಲ್ಲಿ ಉಳಿಸಿದ ಫೈಲು ನಾಳೆಯೂ ಇರುತ್ತದೆ. ನಾನು ‘ವರ್ಚುವಲ್ ಮೆಷಿನ್’ ಅಂತಲೇ ಬರೆದು, ‘ಹೊರಗಿನ ವಿಂಡೋಸ್’, ‘ಒಳಗಿನ ವಿಂಡೋಸ್’ ಎಂದು ಬೇರೆ ಮಾಡಿದ್ದೇನೆ. ಹೊರಗಿನದಕ್ಕೆ ಇಂಗ್ಲಿಷಿನಲ್ಲಿ ಹೋಸ್ಟ್, ಒಳಗಿನದಕ್ಕೆ ಗೆಸ್ಟ್ ಅನ್ನುತ್ತಾರೆ, ಅವಕ್ಕೆ ‘ಆತಿಥೇಯ’, ‘ಅತಿಥಿ’ ಎಂದರೆ ಆತುರದಲ್ಲಿ ಓದುವವರಿಗೆ ಒಂದೇ ಥರ ಕಾಣುತ್ತವೆ, ಅಣ್ಣ ಎಡವಿದ್ದೂ ಅದೇ ಹೊರಗೆ ಒಳಗೆಯ ನಡುವೆ.

ಕೇಳಬೇಕಾದದ್ದು ಮೂರು ಮಾತು. ಹಾಸನ, ಚಾಮರಾಜನಗರ, ತುಮಕೂರಿನ ಕಡೆಯವರೂ ಉತ್ತರ ಕರ್ನಾಟಕದವರೂ ‘ಹೂಡು’ ಅಂದರೆ ಇದೇ ಅರ್ಥದಲ್ಲಿ ತೆಗೆದುಕೊಳ್ಳುತ್ತೀರಾ? ಎತ್ತು ಬಿಚ್ಚುವುದಕ್ಕೆ ನಿಮ್ಮ ಕಡೆ ‘ಕಳಚು’ ಅಲ್ಲದೆ ಬೇರೆ ಏನಾದರೂ ಚಿಕ್ಕ ಮಾತಿದೆಯೇ? ‘ಹೂಡಿಕೆ’ಯನ್ನು ದುಡ್ಡಿನವರಿಗೇ ಬಿಟ್ಟು, ‘ಹೂಡು’ವಿನಿಂದ ಇನ್ನೊಂದು ನಾಮಪದ ಮಾಡಲು ದಾರಿಯಿದೆಯೇ? ಅಣ್ಣನ ಡಬ್ಬಿಯಲ್ಲಿ ಇನ್ನೂ ಹನ್ನೊಂದು ಡಿಸ್ಕುಗಳಿವೆ, ಅವುಗಳ ಹಾಳೆ ಬರೆಯುವುದಕ್ಕೆ ಮುಂಚೆ ನಿಮ್ಮ ಮಾತು ಸಿಕ್ಕರೆ ಸೇರಿಸಿಕೊಳ್ಳುತ್ತೇನೆ.