ಹಿಮಕರಡಿ ಮತ್ತು ಧ್ರುವಪ್ರಭೆಯನ್ನು ಒಂದೇ ಪ್ರವಾಸದಲ್ಲಿ ಸೆರೆಹಿಡಿಯಬಹುದೇ?

ಪ್ರಶ್ನೆ

ಪಕ್ಷಿಗಳ ಮತ್ತು ವನ್ಯಜೀವಿಗಳ ಛಾಯಾಗ್ರಹಣದಲ್ಲಿ ಸಾಕಷ್ಟು ಅನುಭವವಿದ್ದರೂ ಶೂನ್ಯಕ್ಕಿಂತ ಕೆಳಗಿನ ಉಷ್ಣಾಂಶದಲ್ಲಿ ನಾನು ಕ್ಯಾಮೆರಾ ಹಿಡಿದವನಲ್ಲ. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹಕ್ಕೆ ಹೋಗಿ ಹಿಮಕರಡಿ, ಹಿಮಸಾರಂಗ, ಆರ್ಕ್ಟಿಕ್ ನರಿಗಳ ಜೊತೆಗೆ ಧ್ರುವಪ್ರಭೆಯನ್ನೂ (ಅರೋರಾ, ಆಕಾಶದಲ್ಲಿ ಮೂಡುವ ಬಣ್ಣದ ಬೆಳಕು) ಸೆರೆಹಿಡಿಯಬೇಕೆಂಬುದು ಯೋಜನೆ. ಉತ್ತರಕ್ಕೆ ಹೋದಷ್ಟೂ ಧ್ರುವಪ್ರಭೆ ಚೆನ್ನಾಗಿ ಕಾಣುತ್ತದೆ ಎಂಬ ಲೆಕ್ಕದಲ್ಲಿ, ಹಗಲು ರಾತ್ರಿಗಳು ಹೆಚ್ಚುಕಡಿಮೆ ಸಮನಾಗಿರುವ ಮಾರ್ಚ್ ಕೊನೆಯ ವಾರವನ್ನು ಆರಿಸಿಕೊಂಡಿದ್ದೇನೆ. ಈ ಆಯ್ಕೆ ಸರಿಯೇ? ನನ್ನ ಬಳಿ ಎಫ್/2.8ರ 14–24 ಮಿ.ಮೀ. ಲೆನ್ಸ್ ಮತ್ತು 600 ಮಿ.ಮೀ.ವರೆಗಿನ ಜೂಮ್ ಇವೆ.

ಉತ್ತರ 1

ತಿಂಗಳು ಸರಿಯಾಗಿದೆ, ಸ್ಥಳ ಸರಿಯಿಲ್ಲ. ಧ್ರುವಪ್ರಭೆ ಧ್ರುವದ ಮೇಲೆ ಇರುವುದಿಲ್ಲ. ಭೂಕಾಂತೀಯ ಧ್ರುವದ ಸುತ್ತ ಬಳೆ ತೊಡಿಸಿದಂತೆ ಇರುತ್ತದೆ. ರಾತ್ರಿಯ ಹೊತ್ತಿನಲ್ಲಿ ಆ ಬಳೆ ಸಾಮಾನ್ಯವಾಗಿ ನಾರ್ವೆಯ ಉತ್ತರ ಕರಾವಳಿಯ ಆಸುಪಾಸಿನಲ್ಲಿದ್ದು, 78 ಡಿಗ್ರಿ ಉತ್ತರದ ಸ್ವಾಲ್ಬಾರ್ಡ್‌ನಿಂದ ನೋಡುವವರಿಗೆ ದಕ್ಷಿಣ ದಿಗಂತದ ಕಡೆಗೆ ಸರಿದಿರುತ್ತದೆ. ಅದಕ್ಕಿಂತ ದೊಡ್ಡ ತೊಡಕು ಬೆಳಕಿನದು. ಹಗಲು ರಾತ್ರಿ ಸಮನಾಗುವ ವಿಷುವದ ದಿನ ಅಲ್ಲಿನ ಮುಖ್ಯ ಪಟ್ಟಣ ಲಾಂಗ್‌ಇಯರ್‌ಬಿಯೆನ್‌ನಲ್ಲಿ ನಡುರಾತ್ರಿಯಲ್ಲೂ ಸೂರ್ಯ ದಿಗಂತದಿಂದ 12 ಡಿಗ್ರಿ ಮಾತ್ರ ಕೆಳಗಿರುತ್ತಾನೆ. ಆಕಾಶ ಪೂರ್ತಿ ಕಪ್ಪಾಗಬೇಕಾದರೆ ಅವನು 18 ಡಿಗ್ರಿ ಇಳಿಯಬೇಕು. ಅಲ್ಲಿಂದ ಮುಂದೆ ರಾತ್ರಿ ದಿನೇ ದಿನೇ ತಿಳಿಯಾಗುತ್ತಾ ಹೋಗಿ, ಏಪ್ರಿಲ್ 20ರ ಸುಮಾರಿಗೆ ಸೂರ್ಯ ಮುಳುಗುವುದನ್ನೇ ನಿಲ್ಲಿಸುತ್ತಾನೆ.

ಸ್ವಾಲ್ಬಾರ್ಡ್‌ಗೆ ಅದರದೇ ಆದ ಒಂದು ವೈಶಿಷ್ಟ್ಯವಿದೆ. ನವೆಂಬರ್ ಮಧ್ಯದಿಂದ ಜನವರಿ ಕೊನೆಯವರೆಗೆ ಅಲ್ಲಿ ನಡುಹಗಲಿನಲ್ಲೂ ಕತ್ತಲೆ ಕವಿದಿರುವುದರಿಂದ, ಬಳೆಯ ಹಗಲು ಬದಿಯ, ಅಂದರೆ ಸೂರ್ಯನ ಕಡೆಗಿರುವ ಭಾಗದ ಪ್ರಭೆ ಬರಿಗಣ್ಣಿಗೆ ಕಾಣುತ್ತದೆ. ಕಡಿಮೆ ಶಕ್ತಿಯ ಎಲೆಕ್ಟ್ರಾನುಗಳು 200 ಕಿ.ಮೀ.ಗಿಂತ ಮೇಲೆಯೇ ತಡೆದು ನಿಲ್ಲುವುದರಿಂದ ಅದರಲ್ಲಿ ಹಸಿರಿಗಿಂತ ಕೆಂಪು ಹೆಚ್ಚು. ಆದರೆ ಆ ಕತ್ತಲೆಯಲ್ಲಿ ಯಾವ ಪ್ರಾಣಿಯ ಚಿತ್ರವನ್ನು ತೆಗೆಯುತ್ತೀರಿ?

ನೀವು ಪಕ್ಷಿಪ್ರಿಯರಾದ್ದರಿಂದ ನನ್ನ ಸಲಹೆ, ಮಾರ್ಚ್ ಕೊನೆಯಲ್ಲಿ ನಾರ್ವೆಯ ಮುಖ್ಯಭೂಮಿಯ ವರಾಂಗರ್ ಪರ್ಯಾಯದ್ವೀಪಕ್ಕೆ ಹೋಗಿ. 70 ಡಿಗ್ರಿಯ ಆ ಪ್ರದೇಶದಲ್ಲಿ ವಿಷುವದ ರಾತ್ರಿ ಸೂರ್ಯ 20 ಡಿಗ್ರಿ ಇಳಿಯುತ್ತಾನೆ, ಬಳೆಯೂ ಬಹುಮಟ್ಟಿಗೆ ನೆತ್ತಿಯ ಮೇಲೆಯೇ ಇರುತ್ತದೆ. ಹಗಲಿನಲ್ಲಿ ಬಂದರುಗಳ ಹತ್ತಿರ ಕಿಂಗ್ ಐಡರ್, ಸ್ಟೆಲ್ಲರ್ ಐಡರ್ ಬಾತುಗಳು ಸಿಗುತ್ತವೆ. ವಾರ್ಡೊ ಪಟ್ಟಣದ ಎದುರಿನ ಹೋರ್ನೊಯಾ ದ್ವೀಪದ ಬಂಡೆಗಳಿಗೆ ಕಡಲಹಕ್ಕಿಗಳು ಮರಳುವ ಕಾಲವೂ ಅದೇ. ಕರಾವಳಿಯ ಮೋಡವೇ ಕಾಡುತ್ತದೆ ಎನ್ನುವವರಿಗೆ ಸ್ವೀಡನ್ನಿನ ಅಬಿಸ್ಕೊ ಇದೆ. ಪರ್ವತಗಳ ಮರೆಯಲ್ಲಿರುವುದರಿಂದ ಅಲ್ಲಿ ಆಕಾಶ ಹೆಚ್ಚಾಗಿ ತಿಳಿಯಾಗಿರುತ್ತದೆ.

ಉತ್ತರ 2

ಹಿಮಕರಡಿಯ ಬಗ್ಗೆ ಹೇಳಲೇಬೇಕಾದ ಮಾತೊಂದಿದೆ. 2025ರ ಜನವರಿ 1ರಿಂದ ಸ್ವಾಲ್ಬಾರ್ಡ್‌ನಲ್ಲಿ ಕರಡಿಯಿಂದ ಕನಿಷ್ಠ 300 ಮೀಟರ್, ಮಾರ್ಚ್ 1ರಿಂದ ಜೂನ್ 30ರವರೆಗೆ 500 ಮೀಟರ್ ದೂರವಿರಬೇಕೆಂಬ ನಿಯಮ ಜಾರಿಯಲ್ಲಿದೆ. 2.4 ಮೀಟರ್ ಉದ್ದದ ಕರಡಿ 500 ಮೀಟರ್ ದೂರದಲ್ಲಿದ್ದರೆ, 600 ಮಿ.ಮೀ. ಲೆನ್ಸಿನಲ್ಲಿ ಅದರ ಬಿಂಬ 3 ಮಿ.ಮೀ.ಗಿಂತಲೂ ಚಿಕ್ಕದು, 36 ಮಿ.ಮೀ. ಅಗಲದ ಸೆನ್ಸರಿನಲ್ಲಿ ಹನ್ನೆರಡರಲ್ಲಿ ಒಂದು ಪಾಲು. ಬಿಂಬವನ್ನು ಹಿಗ್ಗಿಸುವ ಟೆಲಿಕನ್ವರ್ಟರ್ ಹಾಕಿದರೆ ಹಿಮದ ಮೇಲಿನ ಗಾಳಿಯ ನಡುಕವೂ ಅಷ್ಟೇ ದೊಡ್ಡದಾಗುತ್ತದೆ. ಆದುದರಿಂದ ಕರಡಿಯ ಮುಖಚಿತ್ರದ ಆಸೆಯನ್ನು ಬಿಟ್ಟು, ಹಿಮನದಿಯ ಮುಂದೆ ಕರಡಿ ಸಣ್ಣದಾಗಿ ನಡೆದುಹೋಗುವ ಚಿತ್ರವನ್ನು ಯೋಚಿಸುವುದೇ ಜಾಣತನ. ನನ್ನ ದೃಷ್ಟಿಯಲ್ಲಿ ಅದೇ ಹೆಚ್ಚು ಒಳ್ಳೆಯ ಚಿತ್ರ ಕೂಡ. ಹತ್ತಿರದ ಕರಡಿಯೇ ಬೇಕೆಂದರೆ ಕೆನಡಾದ ಚರ್ಚಿಲ್ ಪಟ್ಟಣವಿದೆ. ಹಡ್ಸನ್ ಕೊಲ್ಲಿ ಹೆಪ್ಪುಗಟ್ಟುವುದನ್ನು ಕಾಯುತ್ತಾ ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಕರಡಿಗಳು ಅಲ್ಲಿ ಸೇರುತ್ತವೆ. ಊರು ಧ್ರುವಪ್ರಭೆಯ ಬಳೆಯ ಕೆಳಗೇ ಇದ್ದರೂ ಆ ತಿಂಗಳುಗಳಲ್ಲಿ ಮೋಡ ಜಾಸ್ತಿ.

ಹಿಮಸಾರಂಗಗಳ ವಿಷಯದಲ್ಲಿ ನಿಯಮಕ್ಕಿಂತ ವಿವೇಕ ಮುಖ್ಯ. ಚಳಿಗಾಲದ ಕೊನೆಗೆ ಅವುಗಳ ಮೈಯ ಕೊಬ್ಬು ಬಹುತೇಕ ಕರಗಿರುತ್ತದೆ. ಅವುಗಳನ್ನು ಓಡಿಸುವುದೆಂದರೆ ಉಳಿದ ಅಲ್ಪಸ್ವಲ್ಪ ಶಕ್ತಿಯನ್ನೂ ಕಸಿದಂತೆ. ಗಾಳಿಯ ದಿಕ್ಕು ನೋಡಿಕೊಂಡು ಒಂದೆಡೆ ಕುಳಿತರೆ, ಮೇಯುತ್ತಾ ಅವೇ ಹತ್ತಿರಕ್ಕೆ ಬರುವುದುಂಟು.

ಉತ್ತರ 3

ಚಳಿಯಲ್ಲಿ ಕ್ಯಾಮೆರಾ ಕೆಡುವುದಕ್ಕಿಂತ ಕೋಣೆಯೊಳಗೆ ತಂದಾಗ ಕೆಡುವುದೇ ಹೆಚ್ಚು. ಹೊರಗಿರುವಾಗಲೇ ಅದನ್ನು ಗಾಳಿಯಾಡದ ಚೀಲದಲ್ಲಿ ಮುಚ್ಚಿ, ಒಳಗೆ ತಂದ ಮೇಲೆ ಕೋಣೆಯ ಉಷ್ಣಾಂಶಕ್ಕೆ ಬರುವವರೆಗೆ ತೆರೆಯಬೇಡಿ; ತೇವ ಚೀಲದ ಮೇಲೆ ಕೂರುತ್ತದೆ, ಲೆನ್ಸಿನ ಮೇಲಲ್ಲ. ಮೆಮೊರಿ ಕಾರ್ಡನ್ನು ಮೊದಲೇ ಹೊರತೆಗೆದಿಟ್ಟುಕೊಂಡರೆ ಚೀಲ ತೆರೆಯುವ ಚಡಪಡಿಕೆ ಇರುವುದಿಲ್ಲ. ಹೆಚ್ಚುವರಿ ಬ್ಯಾಟರಿಗಳು ಒಳ ಅಂಗಿಯ ಜೇಬಿನಲ್ಲಿರಲಿ. ಖಾಲಿಯಾದಂತೆ ತೋರುವ ಬ್ಯಾಟರಿ ಬೆಚ್ಚಗಾದ ಮೇಲೆ ಮತ್ತೆ ಸ್ವಲ್ಪ ಹೊತ್ತು ನಡೆಯುತ್ತದೆ.

ಧ್ರುವಪ್ರಭೆಗೆ ಎಫ್/2.8, ಐಎಸ್‌ಒ 1600ರಿಂದ 3200, ಪ್ರಭೆ ನಿಧಾನವಾಗಿದ್ದರೆ 8 ಸೆಕೆಂಡು, ಪರದೆಯಂತೆ ಹೊರಳುತ್ತಿದ್ದರೆ 1ರಿಂದ 3 ಸೆಕೆಂಡು. ಲೆನ್ಸಿನ ಮೇಲಿನ ಅನಂತದ ಗುರುತನ್ನು ನಂಬದೆ, ಲೈವ್ ವ್ಯೂನಲ್ಲಿ ನಕ್ಷತ್ರವೊಂದನ್ನು ಹಿಗ್ಗಿಸಿ ಫೋಕಸ್ ಮಾಡಿ. ಚಳಿಗೆ ಫೋಕಸ್ ಸರಿಯುವುದರಿಂದ ಆಗಾಗ ಪರೀಕ್ಷಿಸಿ. ಲೆನ್ಸಿಗೆ ರಕ್ಷಣೆಗೆಂದು ಹಾಕಿದ ಫಿಲ್ಟರನ್ನು ಕಡ್ಡಾಯವಾಗಿ ಬಿಚ್ಚಿಡಿ. ಆಮ್ಲಜನಕದ ಹಸಿರು ಬೆಳಕು 557.7 ನ್ಯಾನೊಮೀಟರಿನ ಒಂದೇ ತರಂಗಾಂತರದ್ದಾಗಿರುವುದರಿಂದ ಗಾಜಿನ ಎರಡು ಮೈಗಳ ನಡುವೆ ಪ್ರತಿಫಲಿಸಿ, ಚಿತ್ರದ ನಡುವೆ ಒಂದರೊಳಗೊಂದು ಉಂಗುರಗಳು ಮೂಡುತ್ತವೆ. ಅವನ್ನು ಆಮೇಲೆ ತೆಗೆಯುವುದು ಬಹಳ ಕಷ್ಟ. ಹಗಲಿನಲ್ಲಿ ಹಿಮ ಬೂದಾಗದಂತೆ ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಏರಿಸಿ, ಹಿಸ್ಟೋಗ್ರಾಂ ನೋಡಿ.

ಪ್ರಶ್ನಿಸಿದವರು

ತುಂಬಾ ಉಪಕಾರವಾಯಿತು. ವರಾಂಗರ್ ಎಂದೇ ನಿರ್ಧರಿಸುತ್ತೇನೆ. ಬೆಳದಿಂಗಳನ್ನು ತಪ್ಪಿಸಿ ದಿನ ಗೊತ್ತುಮಾಡಬೇಕೇ?

ಉತ್ತರ 1

ಹುಣ್ಣಿಮೆಯ ಆಸುಪಾಸನ್ನು ಬಿಟ್ಟರೆ ಸಾಕು. ತೆಳು ಬೆಳದಿಂಗಳಿದ್ದರೆ ಹಿಮದ ನೆಲಕ್ಕೂ ಬಂಡೆಗಳಿಗೂ ಆಕಾರ ಬರುತ್ತದೆ. ಆ ಅಕ್ಷಾಂಶದಲ್ಲಿ ಮಾರ್ಚ್ ಕೊನೆಯ ಶುಕ್ಲ ಅಷ್ಟಮಿಯ ಚಂದ್ರ ಬಹುತೇಕ ರಾತ್ರಿಯಿಡೀ ಆಕಾಶದಲ್ಲಿರುತ್ತಾನೆ, ಕೃಷ್ಣ ಅಷ್ಟಮಿಯ ಚಂದ್ರ ಹೆಚ್ಚೂಕಡಿಮೆ ಮೇಲೇಳುವುದೇ ಇಲ್ಲ. ನೆಲದ ದೃಶ್ಯವೂ ಬೇಕಿದ್ದರೆ ಶುಕ್ಲಪಕ್ಷದ ಮೊದಲ ವಾರವನ್ನು, ಮಸುಕಾದ ಪ್ರಭೆಯ ಬಣ್ಣಗಳೇ ಮುಖ್ಯವಾಗಿದ್ದರೆ ಕೃಷ್ಣಪಕ್ಷದ ಕೊನೆಯ ವಾರವನ್ನು ಆರಿಸಿಕೊಳ್ಳಿ.